ಲಸಿಕೆ ಖರೀದಿಯ ಮೌಲ್ಯಮಾಪನ: ಪ್ರಶ್ನಾವಳಿಗೆ ಮುಂಚೆ ತಾರೀಕುಗಳನ್ನು ಹಿಡಿಯಿರಿ

ಪ್ರಶ್ನೆ: ನಾನು ಧಾರವಾಡದವಳು. ಬೆಂಗಳೂರಿನಲ್ಲಿ ಕೆಲವು ವರ್ಷ ಔಷಧ ಟೆಂಡರ್‌ಗಳ ಕೆಲಸ ಮಾಡಿ, ಈಗ ಘಾನಾದ ಅಕ್ರಾದಲ್ಲಿ ಒಂದು ಸಲಹಾ ಸಂಸ್ಥೆ ಸೇರಿದ್ದೇನೆ. ಆ ದೇಶದ ಲಸಿಕೆ ಖರೀದಿ ವ್ಯವಸ್ಥೆಯ ಮೌಲ್ಯಮಾಪನ ಹೇಗೆ ನಡೆಯಬೇಕು ಎಂದು ಯೋಜನೆ ಹಾಕಿಕೊಡುವ ಹೊಣೆ ನನ್ನದು. ಕೈಯಲ್ಲಿರುವುದು ಎಂಟು ವಾರ. ನನಗೆ ಕೊಟ್ಟಿರುವ ಪ್ರಶ್ನಾವಳಿಯಲ್ಲಿ 312 ಪ್ರಶ್ನೆಗಳಿವೆ. 40 ಜಿಲ್ಲೆಗಳಿಗೆ ಹೋಗಿ ಬರಬೇಕು ಎಂದೂ ಇದೆ. ಇಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ‘ಕೋಲ್ಡ್ ಚೈನ್ (ಲಸಿಕೆಯನ್ನು ತಂಪಾಗಿ ಕಾಪಾಡಿ ಸಾಗಿಸುವ ವ್ಯವಸ್ಥೆ) ಮೌಲ್ಯಮಾಪನ ಆಗಿದೆಯಲ್ಲ, ಮತ್ತೆ ಇದೇಕೆ’ ಎನ್ನುತ್ತಾರೆ ಕೆಲವರು. ‘ನಾವು ಕೊಳ್ಳುವುದು ಯೂನಿಸೆಫ್ ಮೂಲಕ, ನಮ್ಮಲ್ಲಿ ಖರೀದಿ ವ್ಯವಸ್ಥೆ ಅಂತ ಪ್ರತ್ಯೇಕವಾಗಿ ಏನಿದೆ’ ಎನ್ನುವವರು ಇನ್ನು ಕೆಲವರು. ಹಣಕಾಸಿನ ಕಡೆಯವರು ‘ನಾವೇ ಟೆಂಡರ್ ಕರೆದರೆ ಅಗ್ಗವಾಗುತ್ತದೆ’ ಎನ್ನುತ್ತಾರೆ. ಯಾರ ತಲೆಗೂ ತಪ್ಪು ಕಟ್ಟದೆ, ಆದರೆ ಉಪಯೋಗಕ್ಕೆ ಬರುವಂಥ ವರದಿ ಹೇಗೆ ಮಾಡಿಸಲಿ? ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ, ಆದರೆ ಒಳಗಿನ ಆತಂಕ ಒಂದೇ. ಎಂಟು ವಾರ ಓಡಾಡಿ ದಪ್ಪ ವರದಿ ಕೊಟ್ಟ ಮೇಲೂ ಮುಂದಿನ ವರ್ಷ ಮತ್ತೆ ಬಿಸಿಜಿ (ಕೂಸುಗಳಿಗೆ ಹಾಕುವ ಕ್ಷಯರೋಗದ ಲಸಿಕೆ) ಖಾಲಿಯಾದರೆ ಮಾಡಿದ್ದೇನು? ಈ ಆತಂಕವನ್ನು ಕೊನೆಯವರೆಗೂ ಇಟ್ಟುಕೊಳ್ಳಿ, ಅದೇ ನಿಮಗೆ ದಾರಿ ತೋರಿಸುತ್ತದೆ.

ಮೊದಲು 2023ರ ಆರಂಭದಲ್ಲಿ ಅಲ್ಲಿ ಆದದ್ದನ್ನು ನೋಡೋಣ. ಬಿಸಿಜಿ, ಪೋಲಿಯೊ ಹನಿ, ದಡಾರ-ರುಬೆಲ್ಲಾ ಲಸಿಕೆಗಳು ದೇಶದುದ್ದಕ್ಕೂ ಖಾಲಿಯಾದವು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ತಾಯಂದಿರು ಹಾಗೇ ಹಿಂದಿರುಗಬೇಕಾಯಿತು, ದೇಶದ ಉತ್ತರ ಭಾಗದಲ್ಲಿ ದಡಾರ ಕಾಣಿಸಿಕೊಂಡಿತು. ಹೊಸ ಸರಕು ಇಳಿಯತೊಡಗಿದ್ದು ಮಾರ್ಚ್‌ನಲ್ಲಿ. ಶೀತಲ ಕೊಠಡಿ ಕೆಟ್ಟು ಹೀಗಾಗಲಿಲ್ಲ, ಟೆಂಡರ್ ಬಿದ್ದುಹೋಗಿಯೂ ಅಲ್ಲ. ಹಣ ಸಮಯಕ್ಕೆ ಹೊರಡಲಿಲ್ಲ, ಅಷ್ಟರಲ್ಲಿ ಘಾನಾದ ನಾಣ್ಯ ಸೆಡಿಯ ಬೆಲೆ ಕುಸಿದಿತ್ತು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಬಿಸಿಜಿ, ಪೋಲಿಯೊ ಹನಿ ಇಡೀ ಪಟ್ಟಿಯಲ್ಲೇ ಅತಿ ಅಗ್ಗದ ಲಸಿಕೆಗಳು. ದುಬಾರಿಯಾದದ್ದು ಕೈಗೆಟುಕಲಿಲ್ಲ ಎಂದರೆ ಅರ್ಥಮಾಡಿಕೊಳ್ಳಬಹುದಿತ್ತು, ಇಲ್ಲಿ ಅಗ್ಗದ್ದೇ ಖಾಲಿಯಾಯಿತು. ಯಾಕೆ ಎಂಬುದಕ್ಕೆ ಉತ್ತರ ಹುಡುಕುವ ಹಾಗೆ ನಿಮ್ಮ ಮೌಲ್ಯಮಾಪನವನ್ನು ಕಟ್ಟಬೇಕು.

ಈಗ ನೀವು ಕೇಳಿಸಿಕೊಂಡ ಮೂರು ಮಾತುಗಳಿಗೆ ಬರುತ್ತೇನೆ.

ಕೋಲ್ಡ್ ಚೈನ್ ಮೌಲ್ಯಮಾಪನ ಆಗಿದೆ ಎನ್ನುವುದು ನಿಜವೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ 2010ರಲ್ಲಿ ತಂದ ಪರಿಣಾಮಕಾರಿ ಲಸಿಕೆ ನಿರ್ವಹಣೆಯ ಮೌಲ್ಯಮಾಪನ ಒಳ್ಳೆಯ ಸಾಧನ. ಮೊದಲು ಅದರಲ್ಲಿ 9 ಮಾನದಂಡಗಳಿದ್ದವು, ಪ್ರತಿಯೊಂದರಲ್ಲೂ ಶೇ 80 ಅಂಕ ಗುರಿ. ಆ 9ರಲ್ಲಿ ಮೊದಲನೆಯದೇ ವಿಮಾನ ನಿಲ್ದಾಣದಲ್ಲಿ ಲಸಿಕೆಯನ್ನು ಬರಮಾಡಿಕೊಳ್ಳುವ ಕ್ರಮ. ಅಂದರೆ ಆ ಪರೀಕ್ಷೆ ಶುರುವಾಗುವುದೇ ಸರಕು ವಿಮಾನದಿಂದ ಇಳಿದ ಮೇಲೆ. ಸರಕು ವಿಮಾನವನ್ನೇ ಹತ್ತದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಎಲ್ಲದರಲ್ಲೂ 90 ಅಂಕ ಪಡೆದ ರಾಷ್ಟ್ರೀಯ ಉಗ್ರಾಣ, ಒಳಗೆ ಕಪಾಟೆಲ್ಲ ಖಾಲಿ, ಹೀಗಿರುವುದು ಸಾಧ್ಯ. ಹಾಗಾಗಿ ನಿಮ್ಮ ಗಡಿ ಸ್ಪಷ್ಟವಾಗಿರಲಿ: ಬೇಡಿಕೆಯ ಲೆಕ್ಕದಿಂದ ಹಿಡಿದು, ಸುಂಕದ ಕಟ್ಟೆ ದಾಟಿ ಸರಕು ರಾಷ್ಟ್ರೀಯ ಉಗ್ರಾಣ ಸೇರಿ ವಿತರಣೆಗೆ ಒಪ್ಪಿಗೆ ಸಿಗುವವರೆಗೆ ನಿಮ್ಮದು. ಅಲ್ಲಿಂದ ಮುಂದಿನದನ್ನು ಈಗಿರುವ ವರದಿಯಿಂದಲೇ ಎತ್ತಿಕೊಳ್ಳಿ. 40 ಜಿಲ್ಲೆಗಳ ಪ್ರವಾಸದ ಅಗತ್ಯ ಇಲ್ಲಿಗೇ ತಪ್ಪುತ್ತದೆ. ಘಾನಾದಲ್ಲಿ 16 ಪ್ರಾಂತಗಳಿವೆ. ಉತ್ತರದ್ದೊಂದು, ಕರಾವಳಿಯದ್ದೊಂದು ಪ್ರಾಂತೀಯ ಉಗ್ರಾಣ ನೋಡಿ, ಅವುಗಳ ಕೈಕೆಳಗಿನ ಒಂದೆರಡು ಆರೋಗ್ಯ ಕೇಂದ್ರಗಳ ಸ್ಟಾಕ್ ಪುಸ್ತಕ ತಿರುವಿದರೆ ಸಾಕು. ಖರೀದಿಯ ಕಾಯಿಲೆ ಇರುವುದು ರಾಜಧಾನಿಯ ಫೈಲುಗಳಲ್ಲಿ.

ಎರಡನೆಯದು, ಯೂನಿಸೆಫ್ ಮೂಲಕ ಕೊಳ್ಳುವುದರಿಂದ ದೇಶಕ್ಕೆ ಖರೀದಿ ವ್ಯವಸ್ಥೆಯೇ ಇಲ್ಲ ಎಂಬ ಮಾತು. ಇದು ತಪ್ಪು. ಕೋಪನ್‌ಹೇಗನ್‌ನಲ್ಲಿರುವ ಯೂನಿಸೆಫ್‌ನ ಸರಬರಾಜು ವಿಭಾಗ ತಯಾರಕರೊಡನೆ ದೀರ್ಘಾವಧಿ ಒಪ್ಪಂದ ಮಾಡಿಕೊಳ್ಳುತ್ತದೆ, ದರ ಕುದುರಿಸುತ್ತದೆ, ಸರಕು ಕಳಿಸುತ್ತದೆ. ಎಷ್ಟು ಬೇಕು ಎಂದು ಲೆಕ್ಕ ಹಾಕುವುದು, ಬಜೆಟ್‌ನಲ್ಲಿ ಇಡುವುದು, ಹಣ ಬಿಡುಗಡೆ ಮಾಡಿಸುವುದು, ಅದನ್ನು ಡಾಲರ್ ಮಾಡುವುದು, ಅಂದಾಜು ವೆಚ್ಚದ ಪತ್ರ ಬಂದಾಗ ಅವಧಿ ಮುಗಿಯುವ ಮುನ್ನ ಸಹಿ ಹಾಕುವುದು, ಸರಕು ಬಂದಾಗ ಬಿಡಿಸಿಕೊಳ್ಳುವುದು ಎಲ್ಲವೂ ದೇಶದ್ದೇ. ಸಾಮಾನ್ಯ ನಿಯಮದಂತೆ ಪೂರ್ತಿ ಹಣ ಮುಂಗಡವಾಗಿ ಕೈಸೇರದೆ ಆರ್ಡರ್ ಹೊರಡುವುದಿಲ್ಲ. ಖರೀದಿಯ ಕಠಿಣ ಭಾಗವೆಲ್ಲ ಉಳಿಯುವುದು ಅಕ್ರಾದಲ್ಲೇ.

ಮೂರನೆಯದು ಟೆಂಡರ್. ನೀವು ಕರ್ನಾಟಕದ ಕೆಟಿಪಿಪಿ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ) ಕಾಯ್ದೆಯಡಿ ಕೆಲಸ ಮಾಡಿದವರು. ಎರಡು ಲಕೋಟೆ, ತಾಂತ್ರಿಕ ಅರ್ಹತೆ, ಎಲ್-1 ಎಂಬ ಅತಿ ಕಡಿಮೆ ದರ ಎಲ್ಲ ನಿಮಗೆ ಅಂಗೈ ಗೆರೆ. ಪ್ಯಾರಾಸಿಟಮಾಲ್ ಕೊಳ್ಳಲು ಅದು ಸರಿ, ತಯಾರಿಸುವವರು ನೂರಾರು ಮಂದಿ ಇದ್ದಾರೆ. ಲಸಿಕೆಯ ಪೇಟೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ (ಗುಣಮಟ್ಟ ನೋಡಿ ಮುಂಚೆಯೇ ಕೊಡುವ ಒಪ್ಪಿಗೆ) ಪಡೆದ ತಯಾರಕರು ಒಂದೊಂದು ಲಸಿಕೆಗೆ ಕೈಬೆರಳೆಣಿಕೆಯಷ್ಟು. ಅವರ ಉತ್ಪಾದನೆಯ ದೊಡ್ಡ ಪಾಲು ಮೊದಲೇ ದೀರ್ಘಾವಧಿ ಒಪ್ಪಂದಗಳಿಗೆ ಹೋಗಿರುತ್ತದೆ. ನಮ್ಮ ಕಡೆಯದೇ ಎರಡು ಉದಾಹರಣೆ ಇವೆ. 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ 2 ಕೋಟಿ ಡೋಸ್ ಕೋವಿಡ್ ಲಸಿಕೆಗೆ ಜಾಗತಿಕ ಟೆಂಡರ್ ಕರೆಯಿತು. ಮುಂದೆ ಬಂದವರ ಬಳಿ ಬೇಕಾದ ದಾಖಲೆಗಳಿರಲಿಲ್ಲ, ಆ ಟೆಂಡರಿನಿಂದ ಒಂದು ಡೋಸೂ ಬರಲಿಲ್ಲ. ಟೆಂಡರ್ ದಾಖಲೆ ಸರಿಯಿಲ್ಲದೆ ಹೀಗಾಯಿತು ಎನ್ನಲಾಗದು, ಕೊಡುವವರ ಬಳಿ ಸರಕೇ ಇರಲಿಲ್ಲ. 2016ರಲ್ಲಿ ಚುಚ್ಚುಮದ್ದಿನ ಪೋಲಿಯೊ ಲಸಿಕೆಗೆ ಜಗತ್ತಿನಾದ್ಯಂತ ಕೊರತೆ ಬಿದ್ದಾಗ, ಕರ್ನಾಟಕವೂ ಸೇರಿ ಭಾರತದ ಕೆಲವು ರಾಜ್ಯಗಳಲ್ಲಿ 0.5 ಮಿಲಿಲೀಟರಿನ ಪೂರ್ಣ ಡೋಸ್ ಬದಲು 0.1 ಮಿಲಿಲೀಟರನ್ನು ಚರ್ಮದೊಳಗೆ ಎರಡು ಬಾರಿ ಕೊಡುವ ಕ್ರಮ ಶುರುವಾಯಿತು. ಕೈಯಲ್ಲಿ ದುಡ್ಡಿದ್ದರೂ ಸರಕು ಸಿಗದ ಪೇಟೆ ಇದು. ಅದಕ್ಕೇ ‘ಟೆಂಡರ್ ಕರೆದರೆ ಅಗ್ಗ’ ಎಂಬುದನ್ನು ನಂಬಿಕೆಯಾಗಿ ಒಪ್ಪಲೂ ಬೇಡಿ, ತಳ್ಳಿಹಾಕಲೂ ಬೇಡಿ. ಒಂದೊಂದು ಲಸಿಕೆಗೂ ಬೇರೆಬೇರೆ ಲೆಕ್ಕ ಹಾಕಿ ನೋಡಬೇಕಾದ ವಿಷಯ ಅದು.

ಹದಿನಾಲ್ಕು ತಾರೀಕುಗಳು

ಪ್ರಶ್ನಾವಳಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ‘ಬೇಡಿಕೆಯ ಅಂದಾಜು ಪ್ರತಿ ವರ್ಷ ನಡೆಯುತ್ತದೆಯೇ’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಬರುತ್ತದೆ, ಅದು ನಿಜವೂ ಆಗಿರುತ್ತದೆ. ಅಂದಾಜು ಫೆಬ್ರುವರಿಯಲ್ಲಿ ಸಿದ್ಧವಾಗಬೇಕಿದ್ದದ್ದು ಸೆಪ್ಟೆಂಬರ್‌ನಲ್ಲಿ ಸಿದ್ಧವಾಯಿತು, ಬಜೆಟ್ಟಿಗೆ ಹೋದದ್ದು ಹಿಂದಿನ ವರ್ಷದ ಅಂಕಿ ಎಂಬುದು ಆ ‘ಹೌದು’ ಒಳಗೆ ಕಾಣುವುದಿಲ್ಲ. ಅದನ್ನು ಹೊರಗೆ ತರುವುದು ತಾರೀಕು.

ನಾಲ್ಕು ಲಸಿಕೆ ಆರಿಸಿಕೊಳ್ಳಿ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ಬರುವ ಬಿಸಿಜಿ, ಕಡಿಮೆ ಆದಾಯದ ದೇಶಗಳಿಗೆ ಲಸಿಕೆ ಕೊಳ್ಳಲು ನೆರವಾಗುವ ಅಂತರರಾಷ್ಟ್ರೀಯ ಕೂಟ ಗಾವಿಯೊಡನೆ ಪಾಲು ಹಾಕಿ ಕೊಳ್ಳುವ ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ), ಬಜೆಟ್‌ನ ದೊಡ್ಡ ತುತ್ತಾದ, ನ್ಯುಮೋನಿಯಾ ತಡೆಯುವ ನ್ಯೂಮೊಕಾಕಲ್, ಹೊಸದಾಗಿ ಬಂದ ಮಲೇರಿಯಾ ಲಸಿಕೆ. ಒಂದೊಂದರದೂ ಕಳೆದ ಮೂರು ವರ್ಷದ ಆರ್ಡರ್‌ಗಳನ್ನು ತೆಗೆದು, ಪ್ರತಿ ಆರ್ಡರ್‌ಗೂ ಒಂದು ಸಾಲು ಬರೆಯಿರಿ. ಆ ಸಾಲಿನಲ್ಲಿ ಈ ತಾರೀಕುಗಳಿರಲಿ: ಬೇಡಿಕೆಯ ಅಂದಾಜಿಗೆ ಸಹಿ ಬಿದ್ದದ್ದು, ಬಜೆಟ್ ಬೇಡಿಕೆ ಸಲ್ಲಿಸಿದ್ದು, ಸಂಸತ್ತು ಒಪ್ಪಿದ್ದು, ಹಣ ಬಿಡುಗಡೆ ಆದೇಶ ಹೊರಟದ್ದು, ಯೂನಿಸೆಫ್‌ಗೆ ಕೋರಿಕೆ ಹೋದದ್ದು, ಅಂದಾಜು ವೆಚ್ಚದ ಪತ್ರ ಬಂದದ್ದು, ಅದಕ್ಕೆ ಸಹಿ ಬಿದ್ದದ್ದು, ಸೆಡಿ ಡಾಲರ್ ಆದದ್ದು, ಹಣ ಯೂನಿಸೆಫ್ ಖಾತೆ ಮುಟ್ಟಿದ್ದು, ತಯಾರಕರಿಗೆ ಆರ್ಡರ್ ಹೋದದ್ದು, ಸರಕು ಹೊರಟದ್ದು, ಅಕ್ರಾದ ವಿಮಾನ ನಿಲ್ದಾಣದಲ್ಲಿ ಇಳಿದದ್ದು, ಸುಂಕ ದಾಟಿ ಶೀತಲ ಕೊಠಡಿ ಸೇರಿದ್ದು, ವಿತರಣೆಗೆ ಒಪ್ಪಿಗೆ ಸಿಕ್ಕಿದ್ದು. ಒಟ್ಟು ಹದಿನಾಲ್ಕು. ಪ್ರತಿ ತಾರೀಕಿನ ಪಕ್ಕದಲ್ಲಿ ಆ ದಿನ ರಾಷ್ಟ್ರೀಯ ಉಗ್ರಾಣದಲ್ಲಿ ಎಷ್ಟು ತಿಂಗಳಿಗಾಗುವಷ್ಟು ಸ್ಟಾಕ್ ಇತ್ತು ಎಂದೂ ಬರೆಯಿರಿ. ನಾಲ್ಕು ಲಸಿಕೆಗೆ ಸೇರಿ ಸುಮಾರು ಇಪ್ಪತ್ತು ಸಾಲು ಬರಬಹುದು.

ಈಗ ಅಂತರಗಳನ್ನು ಓದಿ. ಲೆಕ್ಕಕ್ಕೆಂದು ಒಂದು ಸಾಲು ಊಹಿಸಿಕೊಳ್ಳೋಣ: ವೆಚ್ಚದ ಪತ್ರಕ್ಕೆ ಸಹಿ ಬಿದ್ದು ಹಣ ಕೋಪನ್‌ಹೇಗನ್ ಮುಟ್ಟುವವರೆಗೆ 140 ದಿನ, ಹಣ ಮುಟ್ಟಿ ಲಸಿಕೆ ಶೀತಲ ಕೊಠಡಿ ಸೇರುವವರೆಗೆ 70 ದಿನ. ಇಂಥ ಸಾಲು ಕಂಡರೆ ಸರಬರಾಜುದಾರರನ್ನು ಬದಲಿಸುವ ಚರ್ಚೆ ಅಲ್ಲಿಗೇ ಮುಗಿಯಿತು. ಅಂತರ ತದ್ವಿರುದ್ಧವಾಗಿದ್ದರೆ ಆ ಚರ್ಚೆ ಆಗಲೇಬೇಕು. ಮೌಲ್ಯಮಾಪನದ ಅರ್ಧ ಕೆಲಸ ಈ ಒಂದೇ ಪಟ್ಟಿ ಮಾಡಿಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಟ್ಟಿ ತುಂಬುವಾಗ ಎರಡು ಕಡೆ ಎಡವುತ್ತಾರೆ. ‘ಬಿಡುಗಡೆ’ ಎಂಬ ಪದ ಒಂದು. ಬಿಡುಗಡೆ ಆದೇಶ ಹೊರಡುವುದು ಬೇರೆ, ಖಜಾನೆಯಿಂದ ಹಣ ನಿಜವಾಗಿ ಹೊರಡುವುದು ಬೇರೆ. ಆರೋಗ್ಯ ಸಚಿವಾಲಯದವರು ಮೊದಲನೆಯದರ ತಾರೀಕು ಹೇಳುತ್ತಾರೆ, ಎರಡನೆಯದು ಕಂಟ್ರೋಲರ್ ಮತ್ತು ಅಕೌಂಟೆಂಟ್ ಜನರಲ್ ಇಲಾಖೆಯಲ್ಲಿ ಇರುತ್ತದೆ. ಎರಡನ್ನೂ ತರಿಸಿ. ಇನ್ನೊಂದು, ಬಾಯಿಮಾತಿನ ತಾರೀಕು. ಪತ್ರ, ಸಹಿ, ಬ್ಯಾಂಕ್ ಸೂಚನೆ ಯಾವುದಾದರೂ ಕಾಗದ ಕಣ್ಣಿಗೆ ಬೀಳದೆ ತಾರೀಕು ಬರೆಯಬೇಡಿ. ಸಿಗದಿದ್ದರೆ ಖಾಲಿ ಬಿಡಿ. ಆರ್ಡರ್‌ಗೆ ಸಹಿ ಯಾವಾಗ ಬಿತ್ತು ಎಂಬುದು ಯಾವ ಕಚೇರಿಯಲ್ಲೂ ಸಿಗದಿದ್ದರೆ ಅದೂ ಒಂದು ಮಾಹಿತಿ.

ದುಡ್ಡಿನ ಹಾದಿ

ಘಾನಾದಲ್ಲಿ ಲಸಿಕೆಗೆ ದೊಡ್ಡ ಆಸರೆ ರಾಷ್ಟ್ರೀಯ ಆರೋಗ್ಯ ವಿಮಾ ನಿಧಿ. ಸರಕು-ಸೇವೆಗಳ ಮೇಲಿನ ಶೇ 2.5 ಲೆವಿ ಅದರ ಮುಖ್ಯ ಮೂಲ. ಹೆಸರಿಗೆ ಆರೋಗ್ಯಕ್ಕೇ ಮೀಸಲಾದ ಹಣ. ಆದರೆ 2017ರಲ್ಲಿ ಬಂದ ಕಾಯ್ದೆ, ಇಂಥ ಮೀಸಲು ನಿಧಿಗಳಿಗೆಲ್ಲ ಸೇರಿ ಹೋಗುವ ಮೊತ್ತಕ್ಕೆ ತೆರಿಗೆ ಆದಾಯದ ಶೇ 25ರ ಮಿತಿ ಹಾಕಿತು. ಸಂಗ್ರಹವಾದದ್ದೆಲ್ಲ ನಿಧಿಗೆ ಸೇರಬೇಕೆಂದಿಲ್ಲ ಎಂದಾಯಿತು. ಆರೋಗ್ಯ ವಿಮಾ ನಿಧಿಯನ್ನು ಆ ಮಿತಿಯಿಂದ ಹೊರಗಿಡುವ ನಿರ್ಧಾರ ಬಂದದ್ದು 2025ರ ಬಜೆಟ್ಟಿನಲ್ಲಿ. ನಿಮ್ಮ ತಂಡ ಈ ಹಾದಿಯನ್ನು ಹೆಜ್ಜೆಹೆಜ್ಜೆಯಾಗಿ ಬರೆಯಬೇಕು: ಲೆವಿ ಎಲ್ಲಿ ಸೇರುತ್ತದೆ, ಯಾವ ತಿಂಗಳು ವಿಮಾ ಪ್ರಾಧಿಕಾರಕ್ಕೆ ಹೋಗುತ್ತದೆ, ಅಲ್ಲಿಂದ ಸಚಿವಾಲಯಕ್ಕೆ ಯಾವಾಗ, ಡಾಲರ್ ಕೊಡುವವರು ಯಾರು. ಮಿತಿ ತೆಗೆದದ್ದರಿಂದ ಲಸಿಕೆಯ ಹಣ ಬೇಗ ಹೊರಟಿದೆಯೇ ಎಂಬುದನ್ನು 2025ರ ನಂತರದ ಸಾಲುಗಳು ಹೇಳುತ್ತವೆ.

ವಿನಿಮಯ ದರವನ್ನು ಬಹಳ ವರದಿಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಹಾಗೆ ಮುಗಿಸುವಷ್ಟು ಸಣ್ಣ ವಿಷಯವಲ್ಲ. 2022ರ ಆರಂಭದಲ್ಲಿ ಒಂದು ಡಾಲರ್‌ಗೆ ಸುಮಾರು 6 ಸೆಡಿ ಇತ್ತು, ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ 10 ದಾಟಿತು. ಆ ಡಿಸೆಂಬರ್‌ನಲ್ಲಿ ದೇಶ ತನ್ನ ಬಹುಪಾಲು ವಿದೇಶಿ ಸಾಲದ ಮರುಪಾವತಿಯನ್ನೇ ನಿಲ್ಲಿಸಿತು. ಬಜೆಟ್ಟಿನಲ್ಲಿ ಲಸಿಕೆಗೆ 60 ಲಕ್ಷ ಸೆಡಿ ಇಟ್ಟಿದ್ದರು ಎಂದುಕೊಳ್ಳಿ. ವರ್ಷದ ಆರಂಭದಲ್ಲಿ ಅದು 10 ಲಕ್ಷ ಡಾಲರ್. 10ರ ದರದಲ್ಲಿ 6 ಲಕ್ಷ. ಮಂಜೂರಾದ ಹಣ ಪೂರ್ತಿ ಬಿಡುಗಡೆಯಾಗಿದೆ, ಲೆಕ್ಕಪತ್ರದಲ್ಲಿ ಒಂದು ಪೈಸೆಯ ಲೋಪವಿಲ್ಲ, ಆದರೂ ನೂರರಲ್ಲಿ ನಲವತ್ತು ಡೋಸ್ ಕಡಿಮೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಬಜೆಟ್ ದಿನದ ದರ, ಹಣ ಕಳಿಸಿದ ದಿನದ ದರ ಎರಡಕ್ಕೂ ಅಂಕಣ ಇರಲಿ.

ಅಗ್ಗದ ಲಸಿಕೆಯೇ ಯಾಕೆ ಮೊದಲು ಖಾಲಿ ಎಂಬ ಪ್ರಶ್ನೆಗೆ ಇಲ್ಲೊಂದು ಎಳೆ ಇದೆ. ಗಾವಿಯೊಡನೆ ಪಾಲು ಕೊಡಬೇಕಾದ ಲಸಿಕೆಗಳಿಗೆ ಗಡುವು ಇದೆ; ಗಡುವಿನೊಳಗೆ ಪಾಲು ಕಟ್ಟದ ದೇಶವನ್ನು ಬಾಕಿದಾರ ಎಂದು ಗುರುತಿಸುತ್ತಾರೆ, ಬಾಕಿ ಮುಂದುವರಿದರೆ ನೆರವಿಗೇ ಕುತ್ತು. ಬಿಸಿಜಿ, ಪೋಲಿಯೊ ಹನಿಗಳಿಗೆ ಗಾವಿಯ ನೆರವೂ ಇಲ್ಲ, ಗಡುವೂ ಇಲ್ಲ, ಕೇಳುವವರೂ ಇಲ್ಲ. ಕೈಯಲ್ಲಿ ಹಣ ಸಾಲದಾಗ ಯಾವ ಬಿಲ್ ಮೊದಲು ಹೊರಡುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ, ಆದರೆ ಊಹೆಯ ಮೇಲೆ ಬರೆಯಬೇಡಿ. ಬಿಸಿಜಿ ಸಾಲಿನ ಅಂತರವನ್ನೂ ಪೆಂಟಾವೇಲೆಂಟ್ ಸಾಲಿನ ಅಂತರವನ್ನೂ ಪಕ್ಕಪಕ್ಕ ಇಟ್ಟರೆ ಹೌದೋ ಅಲ್ಲವೋ ತಿಳಿಯುತ್ತದೆ. ಹೌದಾದರೆ ಹಳೆಯ ಲಸಿಕೆಗಳಿಗೂ ಬಜೆಟ್ಟಿನಲ್ಲಿ ಪ್ರತ್ಯೇಕ ತಲೆಬರಹ, ಪ್ರತ್ಯೇಕ ಗಡುವು ಇರಲಿ ಎಂಬ ಶಿಫಾರಸು ತಾನಾಗಿ ಹುಟ್ಟುತ್ತದೆ. ಈ ದಶಕ ಮುಗಿಯುವ ಹೊತ್ತಿಗೆ ಗಾವಿಯ ನೆರವಿನಿಂದ ಹೊರಬರಬೇಕಾದ ದೇಶಕ್ಕೆ ಈಗ ಪೆಂಟಾವೇಲೆಂಟ್‌ಗಿರುವ ರಕ್ಷಣೆಯೂ ಆಮೇಲೆ ಇರುವುದಿಲ್ಲ.

ಲೆಕ್ಕ ಎಲ್ಲಿ ತಪ್ಪುತ್ತದೆ

ಬೇಡಿಕೆಯ ಸೂತ್ರ ಎಲ್ಲರಿಗೂ ಗೊತ್ತು: ಮಕ್ಕಳ ಸಂಖ್ಯೆ, ಗುರಿಯ ಪ್ರಮಾಣ, ಡೋಸ್‌ಗಳ ಸಂಖ್ಯೆ, ಪೋಲಿನ ಗುಣಕ ಇವನ್ನು ಗುಣಿಸಿ, ಕಾಲು ಭಾಗ ಆಪತ್ತಿನ ದಾಸ್ತಾನು ಸೇರಿಸಿ, ಕೈಯಲ್ಲಿರುವುದನ್ನು ಕಳೆಯುವುದು. ಪೋಲಿನ ಗುಣಕವೆಂದರೆ 100ನ್ನು, 100ರಿಂದ ಪೋಲಿನ ಶೇಕಡಾವಾರು ಕಳೆದುಳಿದದ್ದರಿಂದ ಭಾಗಿಸಿದ್ದು. ಒಂದು ಲಕ್ಷ ನವಜಾತ ಶಿಶುಗಳು, ಶೇ 95 ಗುರಿ, ಬಿಸಿಜಿ ಒಂದು ಡೋಸ್, ಪೋಲು ಶೇ 50 ಎಂದಿಟ್ಟುಕೊಂಡರೆ ಗುಣಕ 2. ಆಗ 1,90,000 ಡೋಸ್, ಕಾಲು ಭಾಗ 47,500 ಸೇರಿ 2,37,500. ಇಪ್ಪತ್ತು ಡೋಸ್‌ನ ವಯಲ್ ಆದರೆ 11,875 ವಯಲ್.

ಪೋಲು ನಿಜವಾಗಿ ಶೇ 50 ಇದೆಯೇ ಎಂಬುದೇ ಪ್ರಶ್ನೆ. ಹಳ್ಳಿಯ ಕೇಂದ್ರದಲ್ಲಿ ಲಸಿಕೆಯ ದಿನ ನಾಲ್ಕೇ ಕೂಸು ಬಂದಿವೆ. ನರ್ಸ್ 20 ಡೋಸ್‌ನ ವಯಲ್ ಒಡೆದು, ದ್ರಾವಣ ಬೆರೆಸಿ, ನಾಲ್ಕು ಮಕ್ಕಳಿಗೆ ಹಾಕುತ್ತಾಳೆ. ಬೆರೆಸಿದ ಬಿಸಿಜಿಯನ್ನು 6 ಗಂಟೆಯ ಮೇಲೆ ಇಡುವಂತಿಲ್ಲ, ಹದಿನಾರು ಡೋಸ್ ಎಸೆಯಲೇಬೇಕು. ಆ ದಿನದ ಪೋಲು ಶೇ 80. ಅವಳು ಮಾಡಿದ್ದು ಸರಿಯಾದ ಕೆಲಸ. ‘ಹೆಚ್ಚು ಮಕ್ಕಳು ಬಂದಾಗ ಬನ್ನಿ’ ಎಂದು ತಾಯಿಯನ್ನು ವಾಪಸು ಕಳಿಸಿದ್ದರೆ ಪೋಲು ಕಡಿಮೆಯಾಗುತ್ತಿತ್ತು, ಮಗುವಿಗೆ ಲಸಿಕೆ ತಪ್ಪುತ್ತಿತ್ತು. ದೇಶದ ಸರಾಸರಿ ಪೋಲು ಶೇ 70 ಇದ್ದರೆ ಗುಣಕ 3.33 ಆಗಿ ಬೇಕಾದದ್ದು ಸುಮಾರು 3,17,000 ಡೋಸ್, ಅದೂ ಆಪತ್ತಿನ ದಾಸ್ತಾನು ಬಿಟ್ಟು. ಶೇ 50ರ ಲೆಕ್ಕದಲ್ಲಿ ತರಿಸಿದ 2,37,500 ಡೋಸ್ ಒಂಬತ್ತು ತಿಂಗಳಿಗೇ ಮುಗಿಯುತ್ತದೆ. ಹಣ ಸಕಾಲಕ್ಕೆ ಹೋಗಿದ್ದರೂ ಖಾಲಿಯಾಗುವುದು ಹೀಗೆ. ಅದಕ್ಕೇ ಹಳ್ಳಿ ಕೇಂದ್ರಗಳ ಸ್ಟಾಕ್ ಪುಸ್ತಕದಲ್ಲಿ ತೆರೆದ ವಯಲ್‌ಗಳು ಎಷ್ಟು, ಹಾಕಿದ ಮಕ್ಕಳು ಎಷ್ಟು ಎಂಬ ಎರಡು ಅಂಕಿ ತನ್ನಿ ಎಂದದ್ದು. ಅಲ್ಲಿಗೆ ಹೋಗುವುದು ಅಷ್ಟಕ್ಕೇ.

ಔಷಧ ನಿಯಂತ್ರಣದ ಭಾಗವನ್ನು ಚಿಕ್ಕದಾಗಿ ಮುಗಿಸಬಹುದು. ಘಾನಾದ ಆಹಾರ ಮತ್ತು ಔಷಧ ಪ್ರಾಧಿಕಾರ 2020ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಮೂರನೇ ಪ್ರೌಢತಾ ಮಟ್ಟ (ನಿಯಂತ್ರಣ ವ್ಯವಸ್ಥೆ ಸ್ಥಿರವಾಗಿ, ಚೆನ್ನಾಗಿ ನಡೆಯುತ್ತಿದೆ ಎಂಬ ಮನ್ನಣೆ) ಪಡೆದಿದೆ. ಅದರ ಯೋಗ್ಯತೆಯನ್ನು ನೀವು ಮತ್ತೆ ಅಳೆಯಬೇಕಿಲ್ಲ. ಒಂದು ಬ್ಯಾಚ್ ಬಂದ ಮೇಲೆ ಒಪ್ಪಿಗೆಗೆ ಎಷ್ಟು ದಿನ ಹಿಡಿಯುತ್ತದೆ, ಕಾಗದ ಮುಂಚೆಯೇ ಬಂದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದಷ್ಟೇ ನೋಡಿ. ಸುಂಕದ ಕಟ್ಟೆಯಲ್ಲಿ ಕ್ಲಿಯರಿಂಗ್ ಏಜೆಂಟ್‌ರನ್ನು ಮಾತಾಡಿಸಲು ಮರೆಯಬೇಡಿ. ವಿಮಾನದ ಸರಕು ಪತ್ರ, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಬ್ಯಾಚ್ ಪ್ರಮಾಣಪತ್ರ ಮುಂಚಿತವಾಗಿ ತಲುಪಿದ್ದವೇ, ತೆರಿಗೆ ವಿನಾಯಿತಿ ಪತ್ರ ಯಾರ ಮೇಜಿನ ಮೇಲೆ ಕೂತಿತ್ತು, ಶುಕ್ರವಾರ ಸಂಜೆ ಇಳಿದ ಸರಕು ಎಷ್ಟು ಎಂಬುದೆಲ್ಲ ಅವರ ಬಾಯಲ್ಲೇ ಇರುತ್ತದೆ. ಪೆಟ್ಟಿಗೆ ತೆರೆದಾಗ ತುಂಬುವ ಲಸಿಕೆ ಆಗಮನ ವರದಿಗಳನ್ನೂ ತರಿಸಿ. ಅವು ಅಂದೇ ತುಂಬಿದವೋ, ತಿಂಗಳ ಕೊನೆಗೆ ಒಟ್ಟಿಗೆ ಕೂತು ತುಂಬಿದವೋ ಎಂಬುದು ಕೈಬರಹ ನೋಡಿದರೇ ತಿಳಿಯುತ್ತದೆ.

ಎಂಟು ವಾರ, ನಾಲ್ಕು ಜನ

ಖರೀದಿ ಕಾನೂನು ಬಲ್ಲವರೊಬ್ಬರು, ಸರ್ಕಾರಿ ಹಣಕಾಸು ಬಲ್ಲವರೊಬ್ಬರು, ಲಸಿಕೆ ಸರಬರಾಜು ಬಲ್ಲವರೊಬ್ಬರು, ಜತೆಗೆ ಸಚಿವಾಲಯದ ಕಾರಿಡಾರುಗಳಲ್ಲಿ ಓಡಾಡಿ ಗೊತ್ತಿರುವ ಘಾನಾದವರೇ ಒಬ್ಬರು. ಒಬ್ಬರನ್ನು ಕಡಿಮೆ ಮಾಡಲೇಬೇಕಾದರೆ ಹಣಕಾಸಿನವರನ್ನು ಮಾತ್ರ ಬಿಡಬೇಡಿ. ಲಸಿಕೆ ತಜ್ಞರೇ ತುಂಬಿದ ತಂಡ ಶೀತಲ ಪೆಟ್ಟಿಗೆಯ ಬಗ್ಗೆ ಮೂವತ್ತು ಪುಟ ಬರೆದು ಖಜಾನೆಯ ಬಗ್ಗೆ ಅರ್ಧ ಪುಟ ಬರೆಯುತ್ತದೆ.

ಮೊದಲ ವಾರ ಮಾಡಬೇಕಾದದ್ದು ಎರಡೇ. ಈ ವರದಿ ಓದಿ ಯಾರು ಏನನ್ನು ತೀರ್ಮಾನಿಸಬೇಕು ಎಂದು ಒಂದೇ ಪುಟದಲ್ಲಿ ಬರೆಸಿ, ಆರೋಗ್ಯ ಮತ್ತು ಹಣಕಾಸು ಸಚಿವಾಲಯ ಎರಡರಿಂದಲೂ ಒಪ್ಪಿಗೆ ಪಡೆಯಿರಿ. ಫೈಲುಗಳನ್ನು ತೋರಿಸಲು ಆರೋಗ್ಯ ಸಚಿವಾಲಯದ ಮುಖ್ಯ ನಿರ್ದೇಶಕರ ಸಹಿಯಿರುವ ಪತ್ರವನ್ನು ಅದೇ ವಾರ ಹೊರಡಿಸಿ. ಆ ಪತ್ರಕ್ಕೇ ಎರಡು ವಾರ ಕಾದು ಕೂತರೆ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ. ಮುಂದಿನ ಮೂರು ವಾರ ತಾರೀಕುಗಳಿಗೆ. ಸಂದರ್ಶನ ಐದನೆಯ ವಾರಕ್ಕೆ ಮುಂಚೆ ಬೇಡ, ಪಟ್ಟಿ ಕೈಯಲ್ಲಿಲ್ಲದೆ ಕೂತರೆ ಎದುರಿನವರು ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ಆಗುತ್ತದೆ. ಆಗ 312 ಪ್ರಶ್ನೆಗಳಲ್ಲಿ ಪಟ್ಟಿಯೇ ಉತ್ತರಿಸಿದವನ್ನು ಹೊಡೆದುಹಾಕಿ. 40 ಉಳಿದರೆ ಹೆಚ್ಚು. ಇಪ್ಪತ್ತರಿಂದ ಇಪ್ಪತ್ತೈದು ಜನ ಸಾಕು, ಆದರೆ ಪಾವತಿ ಮೇಜಿನ ಗುಮಾಸ್ತರು, ಉಗ್ರಾಣದ ಸ್ಟಾಕ್ ಬರೆಯುವವರು ಅದರಲ್ಲಿ ಇರಲೇಬೇಕು. ಏಳನೆಯ ವಾರ ತಾಳೆ ನೋಡುವುದಕ್ಕೆ, ಎಂಟನೆಯದು ಬರೆಯುವುದಕ್ಕೆ.

ಕ್ಯಾಲೆಂಡರ್ ನೋಡಿಕೊಳ್ಳಿ. ಅಲ್ಲಿ ಹಣಕಾಸು ವರ್ಷ ಜನವರಿಯಿಂದ ಡಿಸೆಂಬರ್. ಚುನಾವಣೆಯ ವರ್ಷ ಬಿಟ್ಟರೆ ಬಜೆಟ್ ನವೆಂಬರ್ 15ರೊಳಗೆ ಸಂಸತ್ತಿಗೆ ಬರಬೇಕು. ನಿಮ್ಮ ವರದಿ ಆಗಸ್ಟ್ ಹೊತ್ತಿಗೆ ಕೈಸೇರಿದರೆ ಒಂದು ಬಜೆಟ್ ಸಾಲನ್ನಾದರೂ ತಿದ್ದಬಹುದು. ಡಿಸೆಂಬರ್‌ನಲ್ಲಿ ಸೇರಿದರೆ ಒಂದು ವರ್ಷ ಕಪಾಟಿನಲ್ಲಿರುತ್ತದೆ.

ಆಯ್ಕೆಗಳು, ಅವುಗಳ ಅಪಾಯ

ಈಗಿರುವ ಹಾಗೇ ಯೂನಿಸೆಫ್ ಮೂಲಕ ಕೊಳ್ಳುತ್ತ, ಹಣದ ಸಮಯವನ್ನು ಸರಿಪಡಿಸುವುದು ಒಂದು ದಾರಿ. ಯೂನಿಸೆಫ್‌ನಲ್ಲಿ 1991ರಿಂದ ಲಸಿಕೆ ಸ್ವಾವಲಂಬನೆಯ ಸುತ್ತುನಿಧಿ ಇದೆ: ಅದಕ್ಕೆ ಸೇರಿದ ದೇಶದ ಹಣ ಬರುವ ಮುಂಚೆಯೇ ಆರ್ಡರ್ ಹೊರಡುತ್ತದೆ, ದೇಶ ಆಮೇಲೆ ತೀರಿಸುತ್ತದೆ. 140 ದಿನದ ಅಂತರಕ್ಕೆ ಇದು ನೇರ ಮದ್ದು. ಅಪಾಯವೂ ಇದೆ, ತೀರಿಸುವುದು ತಡವಾದರೆ ಮುಂದಿನ ಆರ್ಡರ್ ನಿಲ್ಲುತ್ತದೆ. ಖಜಾನೆಯ ಶಿಸ್ತಿಗೆ ಬದಲಿಯಾಗಿ ಇದನ್ನು ತೋರಿಸಬೇಡಿ.

ಸ್ವಂತ ಟೆಂಡರ್ ಎರಡನೆಯದು. ಘಾನಾದ ಖರೀದಿ ಕಾಯ್ದೆ 2003ರದು, 2016ರಲ್ಲಿ ತಿದ್ದುಪಡಿಯಾಗಿದೆ. ಒಬ್ಬರಿಂದಲೇ ಕೊಳ್ಳಬೇಕಾದರೆ ಖರೀದಿ ಪ್ರಾಧಿಕಾರದ ಮಂಡಳಿಯ ಒಪ್ಪಿಗೆ ಬೇಕು. ನಿಮಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದಾದರೆ ಟೆಂಡರಿಲ್ಲದೆ ಕೊಳ್ಳಲು ವಿನಾಯಿತಿ ಕೊಡುವ ಕೆಟಿಪಿಪಿಯ 4(ಜಿ) ಕಲಮು ಇದ್ದಹಾಗೆ. ದರ ಹೋಲಿಸುವಾಗ ಡೋಸ್‌ನ ದರವನ್ನಷ್ಟೇ ಪಕ್ಕಪಕ್ಕ ಇಡಬೇಡಿ. ಸಾಗಣೆ, ವಿಮೆ, ಪರೀಕ್ಷೆ, ಟೆಂಡರಿಗೆ ಹಿಡಿಯುವ ತಿಂಗಳುಗಳು, ಆ ತಿಂಗಳುಗಳಿಗೆ ಬೇಕಾಗುವ ಹೆಚ್ಚುವರಿ ದಾಸ್ತಾನು, ತಯಾರಕ ಕೈಕೊಟ್ಟರೆ ತುರ್ತಾಗಿ ತರಿಸುವ ಖರ್ಚು ಎಲ್ಲ ಸೇರಲಿ. ಯೂನಿಸೆಫ್ ಬದಿಯಲ್ಲಿ ಅದರ ಸೇವಾ ಶುಲ್ಕವನ್ನೂ ಸೇರಿಸಿ. ಸ್ವಂತವಾಗಿ ಕೊಳ್ಳುವ ಮಧ್ಯಮ ಆದಾಯದ ದೇಶಗಳು ಎಷ್ಟು ತೆರುತ್ತಿವೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸುತ್ತದೆ, ನ್ಯೂಮೊಕಾಕಲ್‌ನಂಥ ಹೊಸ ಲಸಿಕೆಗಳಲ್ಲಿ ಅವು ಗಾವಿ ದರಕ್ಕಿಂತ ಬಹಳ ಹೆಚ್ಚು ಕೊಡುತ್ತಿವೆ. ಕಲಿಯಬೇಕೆಂಬ ಆಸೆ ಸಚಿವಾಲಯಕ್ಕಿದ್ದರೆ, ಹೆಚ್ಚು ತಯಾರಕರಿರುವ ಒಂದೇ ಲಸಿಕೆಯಿಂದ, ಆರು ತಿಂಗಳ ದಾಸ್ತಾನು ಕೈಯಲ್ಲಿಟ್ಟುಕೊಂಡು ಶುರುಮಾಡಲಿ. ಬಿಸಿಜಿಯಿಂದಂತೂ ಬೇಡ. 2013ರಿಂದ 2015ರವರೆಗೆ ಅದಕ್ಕೆ ಲೋಕದಲ್ಲೇ ಕೊರತೆ ಬಿದ್ದಿತ್ತು.

ನೆರೆಯ ದೇಶಗಳೊಡನೆ ಸೇರಿ ಕೊಳ್ಳುವುದು ಮೂರನೆಯದು. ಅಮೆರಿಕ ಖಂಡಗಳ ದೇಶಗಳು 1977ರಲ್ಲಿ ಸ್ಥಾಪಿಸಿಕೊಂಡ ಸುತ್ತುನಿಧಿ ಇದಕ್ಕೆ ದೊಡ್ಡ ಮಾದರಿ. ಆದರೆ ಅದು ನಿಂತಿರುವುದು ಎಲ್ಲ ದೇಶಗಳೂ ಸಮಯಕ್ಕೆ ಹಣ ತೀರಿಸುವುದರ ಮೇಲೆ. ತನ್ನ ತಾರೀಕುಗಳೇ ಕೈಯಲ್ಲಿಲ್ಲದ ದೇಶ ಕೂಟಕ್ಕೆ ಸೇರಿದರೆ ತನ್ನ ವಿಳಂಬವನ್ನು ಇತರರಿಗೂ ಹಂಚುತ್ತದೆ. ನಿಮ್ಮ ವರದಿಯಲ್ಲಿ ಇದಕ್ಕೆ ಎರಡು ಪುಟ ಸಾಕು.

ತಪ್ಪು ಯಾರ ತಲೆಗೂ ಕಟ್ಟದೆ ಹೇಗೆ ಬರೆಯುವುದು ಎಂದಿರಿ. ಅಂಕ ಕೊಡುವುದನ್ನು ಬಿಡಿ. ‘ಖರೀದಿ ವಿಭಾಗಕ್ಕೆ 100ಕ್ಕೆ 54’ ಎಂದು ಬರೆದ ದಿನವೇ ಅವರು ನಿಮ್ಮೊಡನೆ ಮಾತು ನಿಲ್ಲಿಸುತ್ತಾರೆ. ಹೆಸರು, ಹುದ್ದೆ ಬರೆಯದೆ ಹೆಜ್ಜೆ ಮತ್ತು ದಿನಗಳನ್ನಷ್ಟೇ ಬರೆಯಿರಿ: ‘ಸಹಿಯಿಂದ ಪಾವತಿಗೆ ಇಷ್ಟು ದಿನ, ಅದರಲ್ಲಿ ಇಷ್ಟು ದಿನ ಡಾಲರ್‌ಗೆ ಕಾದದ್ದು’. ಕರಡನ್ನು ದೊಡ್ಡ ಸಭೆಗೆ ಒಯ್ಯುವ ಮುಂಚೆ ಪಟ್ಟಿಯ ಆಯಾ ಸಾಲನ್ನು ಆಯಾ ಕಚೇರಿಗೆ ಕಳಿಸಿ, ತಾರೀಕು ತಪ್ಪಿದ್ದರೆ ಐದು ದಿನದೊಳಗೆ ಕಾಗದ ಸಮೇತ ತಿದ್ದಿಕೊಡಲು ಕೇಳಿ. ಸಭೆಯಲ್ಲಿ ಅಭಿಪ್ರಾಯದ ಬಗ್ಗೆ ಚರ್ಚೆಯಾಗಲಿ, ತಾರೀಕಿನ ಬಗ್ಗೆ ಆಗುವುದು ಬೇಡ. ಇನ್ನೊಂದು ಎಚ್ಚರ: ನಿಮ್ಮ ಸಂಸ್ಥೆಗೆ ಹಣ ಕೊಡುವವರು ಯಾರು ಎಂದು ಮೊದಲ ಪುಟದಲ್ಲೇ ಬರೆಯಿರಿ. ಯೂನಿಸೆಫ್ ಮೂಲಕವೇ ಕೊಳ್ಳಬೇಕೇ ಎಂಬ ಪ್ರಶ್ನೆಗೆ ಯೂನಿಸೆಫ್ ಹಣದಲ್ಲಿ, ಸ್ವಂತ ಟೆಂಡರ್ ಬೇಕೇ ಎಂಬುದಕ್ಕೆ ತಯಾರಕರ ಹಣದಲ್ಲಿ ಉತ್ತರ ಬರೆದರೆ, ಉತ್ತರ ಸರಿಯಿದ್ದರೂ ಹಣಕಾಸು ಸಚಿವಾಲಯ ಅದನ್ನು ಪಕ್ಕಕ್ಕಿಡುತ್ತದೆ.

ಪಟ್ಟಿಯನ್ನು ವರದಿಯ ಅನುಬಂಧದಲ್ಲಿ ಹುದುಗಿಸಬೇಡಿ. ಅದನ್ನು ಕಂಪ್ಯೂಟರಿನ ಸಾದಾ ಲೆಕ್ಕದ ಹಾಳೆಯಾಗಿಯೇ ಲಸಿಕಾ ಕಾರ್ಯಕ್ರಮದ ಕಚೇರಿಗೆ ಒಪ್ಪಿಸಿ, ನೀವು ಅಲ್ಲಿರುವಾಗಲೇ ಚಾಲ್ತಿಯಲ್ಲಿರುವ ಬಿಸಿಜಿ ಆರ್ಡರ್‌ನ ಸಾಲನ್ನು ಅವರ ಕೈಯಿಂದಲೇ ತುಂಬಿಸಿ.